ಸೆಲ್ ಹೊಸದು, ಆದರೂ ಕಾರಿನ ರಿಮೋಟ್ ಕೆಲಸ ಮಾಡುತ್ತಿಲ್ಲವೇ?

ರಿಮೋಟ್ ಕೀಗೆ ಹೊಸ ಸೆಲ್ ಹಾಕಿ, ಮುಚ್ಚಳ ಒತ್ತಿ ಕೂರಿಸಿ, ಗುಂಡಿ ಅದುಮಿದ ಮೇಲೂ ಬಾಗಿಲು ತೆರೆಯದಿದ್ದರೆ ಬಹಳಷ್ಟು ಮಂದಿ ‘ಪ್ರೋಗ್ರಾಮಿಂಗ್, ಎಂದರೆ ಕಾರಿನೊಂದಿಗಿನ ಹೊಂದಾಣಿಕೆ, ಅಳಿಸಿಹೋಗಿದೆ’ ಎಂದೇ ತೀರ್ಮಾನಿಸಿಬಿಡುತ್ತಾರೆ. ಹೀಗಾಗುವುದು ಅಪರೂಪ. ಸಾಮಾನ್ಯವಾಗಿ ಕೀಯ ಗುರುತಿನ ಸಂಖ್ಯೆಯೂ, ಒತ್ತಿದಾಗಲೆಲ್ಲ ಬದಲಾಗುವ ಕೋಡ್‌ನ ಎಣಿಕೆಯೂ ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿ ಉಳಿದಿರುತ್ತವೆ. ಸೆಲ್ ತೆಗೆದ ಮಾತ್ರಕ್ಕೆ ಅವು ಮಾಯವಾಗುವುದಿಲ್ಲ. ನನ್ನ ಕಣ್ಣೆದುರಿಗೇ ಹೊಸ ಕೀಗೆ ಆರ್ಡರ್ ಕೊಡಲು ಹೊರಟಿದ್ದ ಪರಿಚಿತರೊಬ್ಬರ ರಿಮೋಟ್, ಒಳಗೆ ಚಪ್ಪಟೆಯಾಗಿದ್ದ ತಗಡಿನ ಪಟ್ಟಿಯೊಂದನ್ನು ಹಲ್ಲುಕಡ್ಡಿಯಿಂದ ತುಸು ಎತ್ತಿದ ಕೂಡಲೇ ಕೆಲಸ ಮಾಡಿತು. ಆದ್ದರಿಂದ ಕೋಡ್‌ನ ಮೇಲೆ ದೂರು ಹೊರಿಸುವ ಮೊದಲು ಸೆಲ್ಲನ್ನೂ ಅದು ಕೂರುವ ಜಾಗವನ್ನೂ ಪರೀಕ್ಷಿಸಬೇಕು.

ಮೊದಲು, ದೋಷ ಕೀಯಲ್ಲಿದೆಯೋ ಕಾರಿನಲ್ಲಿದೆಯೋ ಎಂದು ತಿಳಿಯಿರಿ. ಎರಡನೆಯ ಕೀ ಇದ್ದರೆ ಅದನ್ನು ಒತ್ತಿ ನೋಡಿ. ಅದೂ ಕೆಲಸ ಮಾಡದಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿ, ಫ್ಯೂಸ್ ಇತ್ಯಾದಿಗಳತ್ತ ಗಮನ ಹರಿಸಬೇಕು. ಕಾರನ್ನು ತುರ್ತಾಗಿ ಓಡಿಸಬೇಕಾಗಿದ್ದರೆ ಗಾಬರಿ ಬೇಡ: ರಿಮೋಟ್‌ನೊಳಗೆ ಅಡಗಿರುವ ಲೋಹದ ಕೀಯಿಂದ ಬಾಗಿಲು ತೆರೆಯಿರಿ, ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ರಿಮೋಟನ್ನು ಸ್ಟಾರ್ಟ್ ಗುಂಡಿಗೆ, ಇಲ್ಲವೇ ಕೈಪಿಡಿಯಲ್ಲಿ ತೋರಿಸಿರುವ ಜಾಗಕ್ಕೆ ತಾಗಿಸಿ ಹಿಡಿಯಿರಿ. ಎಂಜಿನ್‌ಗೆ ಅನುಮತಿ ಕೊಡುವ ಇಮೊಬಿಲೈಸರ್ ಚಿಪ್‌ಗೆ ಸೆಲ್ ಬೇಕಿಲ್ಲ. ಕಾರಿನಲ್ಲಿರುವ ತಂತಿಯ ಸುರುಳಿ ಹೊರಡಿಸುವ ಕಾಂತಕ್ಷೇತ್ರದಿಂದಲೇ ಅದು ತನಗೆ ಬೇಕಾದಷ್ಟು ಶಕ್ತಿ ಪಡೆಯುತ್ತದೆ.

ಸೆಲ್ ಸರಿಯಾದದ್ದೇ?

ಸೆಲ್‌ನ ಮೇಲಿನ ಅಂಕಿಯನ್ನು ಓದಿ. ಸಿಆರ್2032 ಎಂದರೆ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಸಿಆರ್2025ರ ವ್ಯಾಸ ಅಷ್ಟೇ, ದಪ್ಪ ಮಾತ್ರ 2.5. ಎರಡೂ 3 ವೋಲ್ಟ್‌ನವೇ ಆದ್ದರಿಂದ ‘ಯಾವುದಾದರೇನು’ ಎಂದು ಅಂಗಡಿಯವರು ಕೊಡುವುದುಂಟು, ನಾವು ತರುವುದೂ ಉಂಟು. 2032 ಇರಬೇಕಾದಲ್ಲಿ 2025 ಹಾಕಿದರೆ 0.7 ಮಿಲಿಮೀಟರ್ ಸಡಿಲ ಉಳಿಯುತ್ತದೆ. ಮೇಜಿನ ಮೇಲಿಟ್ಟು ಒತ್ತಿದಾಗ ಕೆಲಸ ಮಾಡುವ ರಿಮೋಟ್, ಜೇಬಿನಿಂದ ತೆಗೆದಾಗ ಸುಮ್ಮನಿರುತ್ತದೆ. ಅದಲುಬದಲಾಗಿ ದಪ್ಪನೆಯದನ್ನು ತುರುಕಿದರೆ ಒಳಗಿನ ಪಟ್ಟಿಗಳು ಬಗ್ಗುತ್ತವೆ, ಆಮೇಲೆ ಸರಿಯಾದ ಸೆಲ್ ಹಾಕಿದರೂ ಅದಕ್ಕೆ ತಾಗುವುದಿಲ್ಲ. ಎಲ್‌ಐಆರ್ ಎಂದು ಆರಂಭವಾಗುವ, ರೀಚಾರ್ಜ್ ಆಗುವ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್‌ವರೆಗೆ ಹೋಗುತ್ತದೆ; ಅದನ್ನು ರಿಮೋಟ್‌ಗೆ ಹಾಕಲೇಬಾರದು. ಹೆಸರಿಲ್ಲದ, ಬಿಡಿಬಿಡಿಯಾಗಿ ಡಬ್ಬಿಯಲ್ಲಿ ಒಂದಕ್ಕೊಂದು ತಾಗಿಕೊಂಡು ಬಿದ್ದಿರುವ ಸೆಲ್‌ಗಳನ್ನು ನಾನಂತೂ ಕೊಳ್ಳುವುದಿಲ್ಲ. ಪರಸ್ಪರ ತಾಗಿದ ಸೆಲ್‌ಗಳು ಮಾರಾಟವಾಗುವ ಮೊದಲೇ ಅರ್ಧ ಬರಿದಾಗಿರಬಹುದು. ಒಂದೊಂದೂ ಪ್ರತ್ಯೇಕವಾಗಿ ಮುಚ್ಚಿದ ಪ್ಯಾಕ್‌ನಲ್ಲಿದ್ದು, ಬಳಕೆಯ ಅವಧಿ ಮುದ್ರಿತವಾಗಿರುವುದನ್ನೇ ಆರಿಸಿ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಅದರಲ್ಲಿ ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಹೆಚ್ಚು ತೋರಿಸಬೇಕು. ಆದರೆ ಹೊರಗೆ ಅಳೆದ ಈ ಅಂಕಿಯನ್ನು ಪೂರ್ತಿ ನಂಬಬೇಡಿ. ದುರ್ಬಲವಾದ ಸೆಲ್ ಕೂಡ ಹೊರೆಯಿಲ್ಲದಾಗ 2.9 ತೋರಿಸಿ, ಗುಂಡಿ ಒತ್ತಿದ ಕ್ಷಣ ಕುಸಿಯುತ್ತದೆ. ಸೆಲ್ ರಿಮೋಟ್‌ನಲ್ಲಿರುವಾಗಲೇ, ಗುಂಡಿ ಒತ್ತಿ ಹಿಡಿದು ಅಳೆಯಲು ಸಾಧ್ಯವಾದರೆ ಆ ಅಂಕಿಯೇ ನಿಜ ಹೇಳುತ್ತದೆ. ಇನ್ನೊಂದು ಮಾತು: ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲೆಂದು ಕೆಲವು ಸೆಲ್‌ಗಳಿಗೆ ಕಹಿ ಲೇಪನ ಕೊಟ್ಟಿರುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಆ ಪದರ ಕೆಲವು ಸಾಧನಗಳಲ್ಲಿ ವಿದ್ಯುತ್ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಅಂಥದ್ದು ಹಾಕಿ ರಿಮೋಟ್ ಮೌನವಾಗಿದ್ದರೆ ಲೇಪನವಿಲ್ಲದ ಸೆಲ್ ಹಾಕಿ ನೋಡಿ.

ತಗಡಿನ ಪಟ್ಟಿಗಳು

ಹೆಚ್ಚಿನವರು ಎಡವುವುದು ಇಲ್ಲಿ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ ರಿಮೋಟ್ ಬಿಚ್ಚಿ. ಬಿಳಿ ಬಟ್ಟೆಗೆ ಕಾರಣವಿದೆ: ಮಡಚುವ ಕೀಗಳಲ್ಲಿ ಕೆಲವದರ ಒಳಗೆ ಇಮೊಬಿಲೈಸರ್ ಚಿಪ್ ಬೋರ್ಡ್‌ಗೆ ಅಂಟಿಕೊಂಡಿರದೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ತುಂಡಾಗಿ ಬೇರೆಯೇ ಇರುತ್ತದೆ. ಅದು ನೆಲಕ್ಕುರುಳಿದ್ದು ಗೊತ್ತಾಗದೆ ಮುಚ್ಚಳ ಹಾಕಿಬಿಟ್ಟರೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ.

ಸೆಲ್ ತೆಗೆದ ಗೂಡಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪಟ್ಟಿಗಳಿರುತ್ತವೆ: ತಳದಿಂದ ತಲೆಯೆತ್ತಿರುವ ಒಂದು, ಪಕ್ಕದಲ್ಲಿ ನಿಂತು ಸೆಲ್‌ನ ಅಂಚನ್ನು ಹಿಡಿಯುವ ಇನ್ನೊಂದು. ಸೆಲ್‌ನ ಅಕ್ಷರವಿರುವ ಅಗಲ ಮುಖ ಪ್ಲಸ್ ಎಂಬುದೆಲ್ಲರಿಗೂ ಗೊತ್ತು. ಅದರ ಅಂಚು ಕೂಡ ಪ್ಲಸ್ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಪ್ಲಸ್ ಮುಖ ಮೇಲಿರಬೇಕೋ ಕೆಳಗಿರಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಗೂಡಿನಲ್ಲೋ ಮುಚ್ಚಳದ ಒಳಮೈಯಲ್ಲೋ ಕೆತ್ತಿರುವ ಗುರುತನ್ನು ನೋಡಿ, ಊಹೆಯ ಮೇಲೆ ಹಾಕಬೇಡಿ.

ತಳದ ಪಟ್ಟಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಡಿ. ಅದು ಸ್ಪ್ರಿಂಗ್‌ನಂತೆ ಮೇಲೇಳಬೇಕು. ಹಳೆಯ ಸೆಲ್ಲನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆದಿದ್ದರೆ ಅದು ತಳಕ್ಕೆ ಅಂಟಿ ಮಲಗಿರುವ ಸಾಧ್ಯತೆಯೇ ಹೆಚ್ಚು. ಆಗ ಒಂದು ಕೈಯ ಉಗುರಿನಿಂದ ಪಟ್ಟಿಯ ಬುಡವನ್ನು, ಎಂದರೆ ಬೋರ್ಡ್‌ಗೆ ಬೆಸುಗೆ ಹಾಕಿರುವ ಭಾಗವನ್ನು ಅಲುಗಾಡದಂತೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಹಲ್ಲುಕಡ್ಡಿಯನ್ನು ತುದಿಯಡಿಗೆ ತೂರಿಸಿ, ಒಮ್ಮೆಗೆ ಅರ್ಧ ಮಿಲಿಮೀಟರ್‌ನಷ್ಟೇ ಎತ್ತಿ, ಸೆಲ್ ಕೂರಿಸಿ ನೋಡಿ, ಸಾಲದಿದ್ದರೆ ಮತ್ತೆ ಎತ್ತಿ. ಬುಡ ಹಿಡಿಯದೆ ಎಳೆದರೆ ಬೆಸುಗೆಯೇ ಕಿತ್ತುಬರುತ್ತದೆ, ಅಲ್ಲಿಗೆ ಮನೆಮದ್ದು ಮುಗಿಯಿತು. ಇಕ್ಕಳವನ್ನು ಈ ಕೆಲಸಕ್ಕೆ ಹತ್ತಿರ ತರಬೇಡಿ.

ಹೊಸ ಸೆಲ್ಲನ್ನು ಮೇಲಿನಿಂದ ನೇರವಾಗಿ ಅದುಮುವುದು ಇನ್ನೊಂದು ತಪ್ಪು. ಓರೆಯಾಗಿ ಹಿಡಿದು ಮೊದಲು ಪಕ್ಕದ ಪಟ್ಟಿಯತ್ತ ಸರಿಸಿ, ನಂತರ ಎದುರು ಬದಿಯನ್ನು ಒತ್ತಿ ಕೂರಿಸಬೇಕು. ಅವಸರದಲ್ಲಿ ಒತ್ತಿದಾಗ ಪಕ್ಕದ ಪಟ್ಟಿ ಸೆಲ್‌ನ ಅಡಿಗೆ ಮಡಚಿಕೊಂಡು, ಅಂಚನ್ನೂ ಮೈನಸ್ ಮುಖವನ್ನೂ ಒಟ್ಟಿಗೆ ಮುಟ್ಟಿದರೆ ಸೆಲ್ ಶಾರ್ಟ್ ಆಗಿ ತಾನಾಗಿ ಬರಿದಾಗುತ್ತದೆ. ಲೋಹದ ಚಿಮ್ಮಟದಿಂದ ಸೆಲ್ ಹಿಡಿಯುವವರೂ ಇದೇ ತಪ್ಪನ್ನು ಹೊರಗಿನಿಂದ ಮಾಡುತ್ತಾರೆ.

ಪಟ್ಟಿಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿ, ಪೂರ್ತಿ ಒಣಗಲು ಬಿಡಿ. ಮರಳು ಕಾಗದದಿಂದ ತಿಕ್ಕಿದರೆ ಮೇಲಿನ ತೆಳು ಲೇಪನ ಹೋಗಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಸಡಿಲ ತುಂಬಲು ಸೆಲ್‌ನ ಹಿಂದೆ ಅಲ್ಯೂಮಿನಿಯಂ ಹಾಳೆ ಮಡಚಿಡುವ ಉಪಾಯ ಬಹಳ ಜನಪ್ರಿಯ. ಅದು ಎರಡು ದಿನ ಕೆಲಸ ಮಾಡಿ, ಮೂರನೆಯ ದಿನ ಜಾರಿ ಎಲ್ಲವನ್ನೂ ಶಾರ್ಟ್ ಮಾಡಿದ್ದನ್ನು ನೋಡಿದ್ದೇನೆ.

ಮುಚ್ಚಳ ಹಾಕುವ ಮೊದಲೇ ಬೋರ್ಡ್‌ನ ಮೇಲಿನ ಚಿಕ್ಕ ಸ್ವಿಚ್ ಒತ್ತಿ ಪರೀಕ್ಷಿಸಿ. ತೆರೆದಿದ್ದಾಗ ಕೆಲಸ ಮಾಡಿ, ಮುಚ್ಚಿದಾಗ ನಿಂತರೆ ರಬ್ಬರ್ ಪದರ ಓರೆಯಾಗಿ ಕೂತಿದೆ ಎಂದರ್ಥ. ಅದು ಯಾವುದಾದರೂ ಸ್ವಿಚ್ಚನ್ನು ಸದಾ ಒತ್ತಿಕೊಂಡೇ ಇದ್ದರೆ ಹೊಸ ಸೆಲ್ ಕೂಡ ಬೇಗನೆ ಖಾಲಿಯಾಗುತ್ತದೆ. ಒಂದು ಸ್ವಿಚ್ ಮಾತ್ರ ಸ್ಪಂದಿಸದಿದ್ದರೆ ಅದು ಸವೆದಿದೆ; ಬೆಸುಗೆ ಬಲ್ಲವರು ಬದಲಾಯಿಸಬಲ್ಲರು.

ಇಷ್ಟಾದ ಮೇಲೆ ಕೋಡ್‌ನ ಸರದಿ

ರಿಮೋಟ್ ಪ್ರತಿ ಸಲ ಒತ್ತಿದಾಗಲೂ ಹೊಸ ಕೋಡ್ ಕಳುಹಿಸುತ್ತದೆ, ಕಾರು ತನ್ನ ಎಣಿಕೆಗಿಂತ ತುಸು ಮುಂದಿರುವ ಕೋಡ್‌ಗಳನ್ನಷ್ಟೇ ಒಪ್ಪುತ್ತದೆ. ಕಾರಿನಿಂದ ದೂರದಲ್ಲಿ ಮಗುವಿನ ಕೈಗೆ ಸಿಕ್ಕಿ ಗುಂಡಿ ಲೆಕ್ಕವಿಲ್ಲದಷ್ಟು ಬಾರಿ ಒತ್ತಿಹೋಗಿದ್ದರೆ ಎಣಿಕೆ ತಪ್ಪುತ್ತದೆ. ಕಾರಿನ ಪಕ್ಕದಲ್ಲೇ ನಿಂತು ಒಂದೇ ಗುಂಡಿಯನ್ನು ಬೆನ್ನುಬೆನ್ನಿಗೆ ಎರಡು ಮೂರು ಸಲ ಒತ್ತಿದರೆ ಅನೇಕ ಕಾರುಗಳು ಮತ್ತೆ ಹೊಂದಿಕೊಳ್ಳುತ್ತವೆ. ಆಗದಿದ್ದರೆ ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಕ್ರಮವನ್ನೇ ಅನುಸರಿಸಿ. ಬೇರೆ ಮಾದರಿಯ ವಿಡಿಯೊ ನೋಡಿ ಇಗ್ನಿಷನ್ ಹತ್ತಾರು ಬಾರಿ ತಿರುಗಿಸುವುದು ಅಪಾಯಕಾರಿ: ಕೆಲವು ಕಾರುಗಳಲ್ಲಿ ಕೀ ನೋಂದಣಿ ಕ್ರಮ ಆರಂಭವಾದರೆ, ಆ ಹೊತ್ತಿಗೆ ಹತ್ತಿರವಿಲ್ಲದ ಕೀಗಳೆಲ್ಲ ಕಾರಿನ ಮೆಮೊರಿಯಿಂದ ಅಳಿಸಿಹೋಗುತ್ತವೆ.

ಅದಕ್ಕೂ ಜಗ್ಗದಿದ್ದರೆ ನಿಮ್ಮಲ್ಲಿರುವ ಎಲ್ಲ ಕೀಗಳನ್ನೂ ತೆಗೆದುಕೊಂಡು ತಂತ್ರಜ್ಞರ ಬಳಿಗೆ ಹೋಗಿ, ಹೊಸ ಕೀ ಅಥವಾ ಪ್ರೋಗ್ರಾಮಿಂಗ್‌ಗೆ ಒಪ್ಪುವ ಮೊದಲು ರಿಮೋಟ್ ಸಂಕೇತ ಹೊರಡಿಸುತ್ತಿದೆಯೇ ಎಂದು ಅವರ ಪರೀಕ್ಷಕ ಯಂತ್ರದಲ್ಲಿ ತೋರಿಸುವಂತೆ ಕೇಳಿ. ಸಂಕೇತವೇ ಬರುತ್ತಿಲ್ಲವಾದರೆ ಕೆಟ್ಟಿರುವುದು ಬೋರ್ಡ್. ಅದನ್ನು ಎಷ್ಟು ಸಲ ಪ್ರೋಗ್ರಾಮ್ ಮಾಡಿದರೂ ಫಲವಿಲ್ಲ.

ಈ ನಡುವೆ ಮೇಜಿನ ಮೇಲೆ ಉಳಿದ ಹಳೆಯ ಸೆಲ್ಲನ್ನು ಮರೆಯಬೇಡಿ. ರಿಮೋಟ್‌ಗೆ ಸಾಲದಷ್ಟು ಬರಿದಾದ ಸೆಲ್ ಕೂಡ ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಎರಡೂ ಮುಖ ಮುಚ್ಚುವಂತೆ ಟೇಪ್ ಸುತ್ತಿ, ಇ-ತ್ಯಾಜ್ಯಕ್ಕೆ ಕೊಡುವವರೆಗೆ ಮಕ್ಕಳ ಕೈಗೆಟುಕದ ಕಡೆ ಇಡಿ.