ನಕ್ಷತ್ರಕ್ಕೆ ಮರೆ ಹಿಡಿಯುವ ಕೆಲಸ: ನನ್ನ ಅನುಭವ

ಅವಕೆಂಪು ಕ್ಯಾಮೆರಾವೊಂದಕ್ಕೆ, ನಕ್ಷತ್ರದ ಪ್ರಖರ ಬೆಳಕನ್ನು ಮರೆಮಾಡಿ ಅದರ ಪಕ್ಕದ ಮಂಕು ಗ್ರಹವನ್ನು ಕಾಣಿಸುವ ಕರೋನಾಗ್ರಾಫ್ ಜೋಡಿಸಲು ಕೈಹಾಕಿದಾಗ, ನಕ್ಷತ್ರದ ಬಿಂಬವನ್ನು ಮುಚ್ಚುವ ಪುಟ್ಟ ಮಾಸ್ಕೇ ಅದರ ಜೀವಾಳವೆಂದು ನಾನು ತಿಳಿದಿದ್ದೆ. ಗ್ರಹಣವಿಲ್ಲದೆಯೂ ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡಲೆಂದು ಫ್ರೆಂಚ್ ಖಗೋಳವಿಜ್ಞಾನಿ ಬೆರ್ನಾರ್ ಲಿಯೋ 1930ರ ಸುಮಾರಿಗೆ ರೂಪಿಸಿದ ಈ ಉಪಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಾಸ್ಕಿನ ಹಿಂದಿರುವ, ಅವರ ಹೆಸರನ್ನೇ ಹೊತ್ತ ಲಿಯೋ ಸ್ಟಾಪ್ ಎಂಬ ತೂತಿನ ತಗಡು.

ಮಾಸ್ಕ್ ದಾಟಿ ಬರುವ ನಕ್ಷತ್ರದ ಬೆಳಕು ವಿವರ್ತನೆಯಿಂದಾಗಿ, ಎಂದರೆ ಅಂಚಿಗೆ ತಾಗಿ ಬಾಗಿ ಹರಡುವ ಗುಣದಿಂದಾಗಿ, ದೂರದರ್ಶಕದ ಪ್ರಧಾನ ಕನ್ನಡಿಯ ಬಿಂಬದ ಅಂಚಿನಲ್ಲಿ ಬಳೆಯಂತೆ ಸೇರಿಕೊಳ್ಳುತ್ತದೆ. ಈ ತಗಡು ತಡೆಯುವುದು ಆ ಬಳೆಯನ್ನು. ಗ್ರಹದ ಬೆಳಕು ಮಾಸ್ಕಿನ ಪಕ್ಕದಿಂದ ಹಾದು ಬಿಂಬದ ತುಂಬ ಸಮನಾಗಿ ಹರಡುವುದರಿಂದ ಅದಕ್ಕಾಗುವ ನಷ್ಟ ಕಡಿಮೆ. ಗೋಚರ ಬೆಳಕಿನಲ್ಲಿ ಗುರುಗ್ರಹದ ಹೊಳಪು ಸೂರ್ಯನದರ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು. ಹುಟ್ಟಿನ ಬಿಸಿ ಇನ್ನೂ ಆರದ ದೈತ್ಯ ಗ್ರಹವಾದರೆ ಅವಕೆಂಪಿನಲ್ಲಿ ಈ ಅಂತರ ಹತ್ತು ಸಾವಿರದಲ್ಲಿ ಒಂದರ ಆಸುಪಾಸಿಗೆ ಇಳಿಯಬಲ್ಲದು. ಆದರೆ ಅವಕೆಂಪಿನಲ್ಲಿ ಬೆಚ್ಚಗಿನ ತಗಡೂ ಬೆಳಗುತ್ತದೆ, ಹಾಗಾಗಿ ಅದನ್ನು ನಿರ್ವಾತ ಪಾತ್ರೆಯೊಳಗಿಟ್ಟು 77 ಕೆಲ್ವಿನ್ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ಆಸುಪಾಸಿಗೆ ತಣಿಸಿದೆವು.

ನಾನು ಎಡವಿದ್ದು ಅಲ್ಲೇ. ಕೋಣೆಯ ತಾಪದಲ್ಲಿ ಎಲ್ಲವನ್ನೂ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೊಂದಿಸಿ, ಪಾತ್ರೆ ಮುಚ್ಚಿ, ತಣಿಸಿ ನೋಡಿದರೆ ಬಳೆಯ ಒಂದು ಮಗ್ಗುಲು ಬಾಗಿದ ಬೆಳ್ಳಿತಂತಿಯ ಹಾಗೆ ಹೊಳೆಯುತ್ತಿತ್ತು. ಅಲ್ಯೂಮಿನಿಯಂ ಅಷ್ಟು ತಂಪಿಗೆ ಶೇಕಡಾ 0.4ರಷ್ಟು ಕುಗ್ಗುತ್ತದೆ, ಆಧಾರದಿಂದ 100 ಮಿಲಿಮೀಟರ್ ಆಚೆಯಿದ್ದ ತಗಡು 0.4 ಮಿಲಿಮೀಟರ್ ಸರಿದಿತ್ತು, ಹೊರಗಿನಿಂದ ಬರುವ ಬೆಳಕಿನ ದಾರಿ ಮಾತ್ರ ಇದ್ದಲ್ಲೇ ಇತ್ತು. ಮುಂದಿನ ಸಲ ಅಷ್ಟನ್ನೇ ಎದುರು ದಿಕ್ಕಿಗೆ ಸರಿಸಿ, ಬೆಚ್ಚಗಿದ್ದಾಗ ಬೇಕೆಂದೇ ಜೋಡಣೆ ಕೆಡಿಸಿಟ್ಟೆ. ಅಚ್ಚುಕಟ್ಟಾಗಿ ಹೊಂದಿಸಿ ರೂಢಿಯಾದ ಕೈಗೆ ಇದು ಸುಲಭವಾಗಿ ಒಗ್ಗುವ ಕೆಲಸವಲ್ಲ.

ಬಳೆ ಮಾಯವಾದ ಮೇಲೂ ಕನ್ನಡಿಗಳ ನ್ಯಾನೋಮೀಟರ್ ಲೆಕ್ಕದ ಉಬ್ಬುತಗ್ಗುಗಳು ಗ್ರಹದಂತೆಯೇ ಕಾಣುವ ಚುಕ್ಕೆಗಳನ್ನು ಉಳಿಸುತ್ತವೆ. ಅವನ್ನು ಬೇರ್ಪಡಿಸಲು, ಭೂಮಿ ತಿರುಗಿದಂತೆಲ್ಲ ಚಿತ್ರದಲ್ಲಿ ಆಕಾಶವೂ ತಿರುಗಲೆಂದು ಬಿಟ್ಟು, ಗಂಟೆಗಟ್ಟಲೆ ಚಿತ್ರ ತೆಗೆಯುತ್ತೇವೆ. ಉಪಕರಣದ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ, ಗ್ರಹ ಆಕಾಶದೊಡನೆ ಸರಿಯುತ್ತದೆ. ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತಲಿನ ಮೂರು ಗ್ರಹಗಳನ್ನು 2008ರಲ್ಲಿ ತೋರಿಸಿಕೊಟ್ಟದ್ದು ಇದೇ ಉಪಾಯ. ನಾವು ಮೊದಲ ರಾತ್ರಿ ಸಂಭ್ರಮಿಸಿದ ಚುಕ್ಕೆ ಮಾತ್ರ ಮೂರು ಗಂಟೆಯಾದರೂ ಕದಲಲಿಲ್ಲ. ಮಾಸ್ಕಿಗೂ ಮುಂಚೆಯೇ ನಿರ್ವಾತ ಪಾತ್ರೆಯ ಕಿಟಕಿಗಾಜಿನ ಎರಡು ಮೈಗಳ ನಡುವೆ ಪುಟಿದು, ಮರೆಯಿಂದ ತಪ್ಪಿಸಿಕೊಂಡು ಬಂದ ನಕ್ಷತ್ರದ್ದೇ ಹುಸಿಬಿಂಬ ಅದಾಗಿತ್ತು.