ಮೊದಲ ವಾಟರ್ ಕೂಲಿಂಗ್ ಪಿಸಿ: ಕೊಳ್ಳುವ ಮುಂಚೆ ಟೇಪು ಹಿಡಿಯಿರಿ

ಮೊದಲ ಸಲ ವಾಟರ್ ಕೂಲಿಂಗ್ ಗೇಮಿಂಗ್ ಪಿಸಿ ಕಟ್ಟುವವರು ಸಾಮಾನನ್ನು ತಲೆಕೆಳಗಾಗಿ ಆರಿಸುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಮೊದಲು ಚಂದದ ಗಾಜಿನ ಕ್ಯಾಬಿನೆಟ್ ಬರುತ್ತದೆ. ಆಮೇಲೆ ಬಣ್ಣದ ನೀರು, ಟ್ಯೂಬು. ಕೊನೆಗೆ ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್, ಅದು ಒಳಗೆ ಕೂರುವುದೇ ಇಲ್ಲ. ನನ್ನ ಚಿಕ್ಕಮ್ಮನ ಮಗನಿಗೂ ಹಾಗೇ ಆಯಿತು. ಬೆಂಗಳೂರಿನ ಎಸ್‌.ಪಿ. ರೋಡಿಂದ ಎಲ್ಲವನ್ನೂ ಒಂದೇ ದಿನ ಆಟೊದಲ್ಲಿ ತುಂಬಿಕೊಂಡು ಬಂದ. ಫ್ಯಾನ್ ಬಿಗಿದ ರೇಡಿಯೇಟರನ್ನು ಮೇಲೆ ತೂರಿಸಿದರೆ ರ‍್ಯಾಮಿನ ತಲೆಗೆ ತಾಗಿತು. ಅರ್ಧ ಇಂಚು ಸಾಲಲಿಲ್ಲ. ಸ್ಕ್ರೂ ಹಾಕಿದ ಗುರುತು ಬಿದ್ದಿದ್ದರಿಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳಲೂ ಇಲ್ಲ.

1. ಎಐಒ ಸಾಕಾ, ಕಸ್ಟಮ್ ಲೂಪ್ ಬೇಕಾ?

ಎಐಒ (ಆಲ್ ಇನ್ ಒನ್) ಅಂದರೆ ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ ಕೂಲರ್. ಸಾಮಾನ್ಯವಾಗಿ ಪ್ರೊಸೆಸರ್ ಒಂದನ್ನೇ ತಂಪು ಮಾಡುತ್ತದೆ. ಇಷ್ಟೇ ಸಾಕಾದರೆ 360 ಎಂಎಂ, ಅಂದರೆ ಮೂರು ಫ್ಯಾನಿನದು ತಗೊಂಡು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಹಾಕಿ. ಪಂಪಿಗಿಂತ ರೇಡಿಯೇಟರಿನ ತುದಿ ಮೇಲಿರಲಿ, ಇಲ್ಲದಿದ್ದರೆ ಗಾಳಿ ಪಂಪಿಗೆ ಸೇರಿಕೊಂಡು ಗರಗರ ಸದ್ದು ಮಾಡುತ್ತದೆ. ಗೇಮ್ ಆಡುವಾಗ ಜಾಸ್ತಿ ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡ್ ಅಲ್ವಾ, ಅದಕ್ಕೂ ನೀರು ಹಾಯಿಸುವ ಆಸೆ ಇದ್ದರೆ ಮಾತ್ರ ಕಸ್ಟಮ್ ಲೂಪಿಗೆ, ಅಂದರೆ ಬಿಡಿಭಾಗ ತಂದು ನಾವೇ ಜೋಡಿಸುವ ನೀರಿನ ಸುತ್ತಿಗೆ, ಕೈ ಹಾಕಿ. ಮುಂದಿನದೆಲ್ಲ ಅದರ ಬಗ್ಗೆ.

2. ವ್ಯಾಟ್ ಲೆಕ್ಕ

ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರ್ 120 ವ್ಯಾಟಿನದು. ಆರ್‌ಟಿಎಕ್ಸ್ 5070 ಟಿಐ ಕಾರ್ಡ್ 300 ವ್ಯಾಟಿನದು. ಒಟ್ಟು 420. ಒಂದು 120 ಎಂಎಂ ಫ್ಯಾನಿನಷ್ಟು ರೇಡಿಯೇಟರ್ ಜಾಗಕ್ಕೆ 100 ವ್ಯಾಟ್ ಅಂತ ಹಿಡಿಯುವುದು ರೂಢಿ. ಆ ಲೆಕ್ಕಕ್ಕೆ ಒಂದು 360, ಒಂದು 240 ಇದ್ದರೆ ಐದು ಫ್ಯಾನ್ ಆಗುತ್ತದೆ, ಸದ್ದಿಲ್ಲದೆ ನಡೆಯುತ್ತದೆ. ನೀರು ಎಂದೂ ಕೋಣೆಗಿಂತ ತಣ್ಣಗಾಗುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಆಡುವವರು ಇದಕ್ಕಿಂತ ಕಡಿಮೆ ಮಾಡಲೇಬೇಡಿ.

3. ಕ್ಯಾಬಿನೆಟ್ ಮತ್ತು ರೇಡಿಯೇಟರ್

ಎಲ್ಲರೂ ಎಡವುವುದು ಇಲ್ಲೇ. ಡಬ್ಬದ ಮೇಲೆ 360 ಅಂತ ಬರೆದಿದ್ದರೂ ರೇಡಿಯೇಟರ್ 360 ಎಂಎಂ ಉದ್ದ ಇರುವುದಿಲ್ಲ. ಅದು ಮೂರು ಫ್ಯಾನಿನ ಲೆಕ್ಕ ಅಷ್ಟೇ. ಎರಡೂ ತುದಿಯಲ್ಲಿ ನೀರು ತಿರುಗುವ ಪುಟ್ಟ ತೊಟ್ಟಿ ಇರುತ್ತದೆ, ಹಾಗಾಗಿ ನಿಜವಾದ ಉದ್ದ 395ರಿಂದ 400 ಎಂಎಂ ಹತ್ತಿರ. ದಪ್ಪ, ತೆಳ್ಳಗಿನದಾದರೆ ಸುಮಾರು 30. ಅದರ ಮೇಲೆ ಫ್ಯಾನ್ 25. ಒಟ್ಟು 55. ಇನ್ನು ಟ್ಯೂಬನ್ನು ಜೋಡಿಸುವ ಫಿಟಿಂಗ್ ಹೊರಚಾಚುವುದಕ್ಕೆ, ಟ್ಯೂಬ್ ಬಾಗುವುದಕ್ಕೆ ಜಾಗ ಬೇರೆ.

ನಾನು ಮಾಡುವುದು ಹೀಗೆ. ಟಿವಿ ಡಬ್ಬದಲ್ಲಿ ಬರುವ ಥರ್ಮಕೋಲನ್ನು 400 ಉದ್ದ, 125 ಅಗಲ, 55 ದಪ್ಪಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲಿ ಡಿಸ್‌ಪ್ಲೇಗೆ ಇಟ್ಟ ಕ್ಯಾಬಿನೆಟ್ಟಿನ ಬಾಗಿಲು ತೆಗೆಸಿ ಅದನ್ನು ಮೇಲೆ ಹಿಡಿದು ನೋಡುತ್ತೇನೆ. ಯಾರೂ ಬೇಡ ಅನ್ನುವುದಿಲ್ಲ. ಹಿಡಿದಾಗ ಮೂರು ಕಡೆ ಕಣ್ಣು ಹಾಯಿಸಿ. ಒಂದು, ರ‍್ಯಾಮ್: ಸಾದಾ ಕಡ್ಡಿ 35 ಎಂಎಂ ಆಸುಪಾಸು ಎತ್ತರ, ದೀಪ ಇರುವವು ಕೆಲವು 44 ದಾಟುತ್ತವೆ, ನನ್ನ ಮಾತು ಕೇಳಿದರೆ ದೀಪ ಬಿಟ್ಟು ಸಾದಾದ್ದೇ ತಗೊಳ್ಳಿ. ಎರಡು, ಮದರ್‌ಬೋರ್ಡಿನ ಎಡ ಮೇಲ್ಮೂಲೆ, ಅಲ್ಲಿ ಪ್ರೊಸೆಸರಿಗೆ ಕರೆಂಟ್ ಕೊಡುವ 8 ಪಿನ್ ಕೇಬಲ್ ಇರುತ್ತದೆ, ರೇಡಿಯೇಟರ್ ಅದರ ಮೇಲೆ ಕೂತರೆ ಆಮೇಲೆ ಬೆರಳು ಹೋಗುವುದಿಲ್ಲ. ಮೂರು, ಮೇಲಿನ ರೇಡಿಯೇಟರಿನ ತುದಿ ಮತ್ತು ಮುಂದಿನದರ ತುದಿ ಒಂದಕ್ಕೊಂದು ಗುದ್ದುತ್ತವಾ ಅಂತ. ಮೇಲೆ 360 ಆಗುತ್ತದೆ, ಮುಂದೆಯೂ 360 ಆಗುತ್ತದೆ ಅಂತ ಕಂಪನಿ ಬರೆದಿರುತ್ತದೆ, ಎರಡೂ ಒಟ್ಟಿಗೆ ಆಗುತ್ತದಾ ಅಂತ ಹೆಚ್ಚಿನ ಕಡೆ ಬರೆದಿರುವುದಿಲ್ಲ.

ಮುಂಭಾಗ ಪೂರ್ತಿ ಗಾಜಿದ್ದು ಗಾಳಿಗೆ ಬರೀ ಸಂದಿ ಬಿಟ್ಟಿರುವ ಕ್ಯಾಬಿನೆಟ್ ಬೇಡವೇ ಬೇಡ. ಜಾಲರಿ ಇರಲಿ.

4. ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್

ಬ್ಲಾಕ್ ಅಂದರೆ ಚಿಪ್ಪಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡು. ಪ್ರೊಸೆಸರ್ ಬ್ಲಾಕ್ ಸುಲಭ, ಸಾಕೆಟ್ ಹೊಂದಿದರೆ ಮುಗಿಯಿತು. ಕಾರ್ಡಿನದು ಹಾಗಲ್ಲ. 5070 ಟಿಐಗೆ ಎನ್‌ವಿಡಿಯಾದ ಸ್ವಂತ ಫೌಂಡರ್ಸ್ ಎಡಿಷನ್ ಕಾರ್ಡೇ ಇಲ್ಲ. ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಬೋರ್ಡಿನ ಮೇಲೆ ಮಾಡುತ್ತಾರೆ, ಒಂದೇ ಕಂಪನಿಯ ಎರಡು ಮಾದರಿಯಲ್ಲೂ ಸ್ಕ್ರೂ ತೂತು ಬೇರೆ ಇರಬಹುದು. ಹಾಗಾಗಿ ಕಾರ್ಡ್ ಆರಿಸಿ ಬ್ಲಾಕ್ ಹುಡುಕಬೇಡಿ. ಇಲ್ಲಿಗೆ ತರಿಸಲು ಸಿಗುವ ಬ್ಲಾಕ್ ಯಾವುದು ನೋಡಿ, ಆ ಬ್ಲಾಕ್ ಮಾಡಿದವರ ಪಟ್ಟಿಯಲ್ಲಿ ಪೂರ್ತಿ ಹೆಸರು ಅಕ್ಷರಕ್ಕಕ್ಷರ ಇರುವ ಕಾರ್ಡನ್ನೇ ಕೊಳ್ಳಿ. ಹೀಟ್‌ಸಿಂಕ್ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

5. ತಾಮ್ರದ ಜೊತೆ ಅಲ್ಯೂಮಿನಿಯಂ ಬೇಡ

ಬ್ಲಾಕ್ ತಾಮ್ರದ್ದು, ಹೆಚ್ಚಿನವಕ್ಕೆ ನಿಕಲ್ ಲೇಪ ಇರುತ್ತದೆ. ರೇಡಿಯೇಟರೂ ತಾಮ್ರದ್ದೇ ಆಗಬೇಕು. ಅದೇ ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದು ಕರಗುತ್ತಾ ಹೋಗುತ್ತದೆ, ಆ ಪುಡಿ ಬ್ಲಾಕಿನ ಸಣ್ಣ ಸಂದಿಯಲ್ಲಿ ಕಟ್ಟಿಕೊಳ್ಳುತ್ತದೆ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ರೇಡಿಯೇಟರುಗಳು ಬಹಳಷ್ಟು ಅಲ್ಯೂಮಿನಿಯಂನವು, ಕೈಗೆತ್ತಿಕೊಂಡರೆ ಹಗುರ. ಹಳೆ ಎಐಒದಿಂದ ಬಿಚ್ಚಿದ್ದನ್ನೂ ಸೇರಿಸಬೇಡಿ.

6. ಪಂಪು, ಟ್ಯೂಬು, ಫಿಟಿಂಗು

ಪಂಪ್ ಡಿ5 ಮಾದರಿಯದು ತಗೊಳ್ಳಿ, ನೀರು ತುಂಬುವ ತೊಟ್ಟಿ ಸೇರಿಯೇ ಬರುವಂಥದ್ದು. ಇದರ ಬಗ್ಗೆ ನನಗೆ ಎರಡು ಮಾತಿಲ್ಲ. ಟ್ಯೂಬ್ ಮೊದಲ ಸಲಕ್ಕೆ ಮೆತ್ತಗಿನದೇ ಇರಲಿ, 10/16 ಅಳತೆಯ (ಒಳಗೆ 10, ಹೊರಗೆ 16 ಎಂಎಂ) ಕಪ್ಪು ಇಪಿಡಿಎಂ ರಬ್ಬರ್. ನೋಡಲು ಸಾದಾ, ಆದರೆ ಪಾರದರ್ಶಕ ಪಿವಿಸಿ ಟ್ಯೂಬಿನಂತೆ ಒಳಗಿನ ಎಣ್ಣೆಯಂಥ ಅಂಶವನ್ನು ನೀರಿಗೆ ಬಿಡುವುದಿಲ್ಲ. ಗಟ್ಟಿ ಪಿಇಟಿಜಿ ಟ್ಯೂಬ್ ಫೋಟೊದಲ್ಲಿ ಚಂದ, ಪಂಪ್ ನಿಂತು ನೀರು ಬಿಸಿಯಾದರೆ ಮೆತ್ತಗಾಗಿ ಫಿಟಿಂಗಿನಿಂದ ಜಾರಬಹುದು.

ಫಿಟಿಂಗುಗಳನ್ನು ಎಣಿಸಿ ಬರೆದುಕೊಳ್ಳಿ. ಎರಡು ಬ್ಲಾಕಿಗೆ ನಾಲ್ಕು, ಎರಡು ರೇಡಿಯೇಟರಿಗೆ ನಾಲ್ಕು, ಪಂಪಿಗೆ ಎರಡು, ಒಟ್ಟು ಹತ್ತು. ಎಲ್ಲ ಜಿ1/4 ಥ್ರೆಡ್, ಎಲ್ಲ 10/16. ಜೊತೆಗೆ ನೀರು ಖಾಲಿ ಮಾಡಲು ತೀರಾ ಕೆಳಗಿನ ಜಾಗಕ್ಕೆ ಮೂರು ಬಾಯಿಯ ಒಂದು ಟಿ, ತೆರೆದು ಮುಚ್ಚುವ ಒಂದು ಬಾಲ್ ವಾಲ್ವ್, ಅವನ್ನು ಜೋಡಿಸಲು ಬೇಕಾಗುವ ಫಿಟಿಂಗ್. ಇದನ್ನು ಬಿಟ್ಟವರು ವರ್ಷ ಕಳೆದ ಮೇಲೆ ಕ್ಯಾಬಿನೆಟ್ಟನ್ನೇ ಬಚ್ಚಲಲ್ಲಿ ಬೋರಲು ಹಾಕಿದ್ದನ್ನು ನೋಡಿದ್ದೇನೆ.

7. ನೀರು

ತಯಾರಾಗಿ ಸಿಗುವ, ಬಣ್ಣವಿಲ್ಲದ ಕೂಲಂಟ್. ಬೋರ್‌ವೆಲ್ ನೀರು ಬೇಡ, ಮನೆಯ ಆರ್‌ಒ ನೀರೂ ಬೇಡ, ಅದರಲ್ಲೂ ಲವಣ ಉಳಿದಿರುತ್ತದೆ. ಹಾಲಿನಂತೆ ಮಸುಕಾಗಿರುವ ಬಣ್ಣದ ಕೂಲಂಟ್ ಒಂದು ವರ್ಷ ಓಡಿದ ಮೇಲೆ ಒಬ್ಬರ ಬ್ಲಾಕ್ ಬಿಚ್ಚಿ ನೋಡಿದ್ದೆ. ತಾಮ್ರದ ಎಳೆಗಳ ಮಧ್ಯೆ ಗುಲಾಬಿ ಬಣ್ಣದ ಅಂಟು ತುಂಬಿತ್ತು, ಹಳೆ ಟೂತ್‌ಬ್ರಶ್ಶಿನಲ್ಲಿ ಒಂದು ಗಂಟೆ ಉಜ್ಜಬೇಕಾಯಿತು.

ರೇಡಿಯೇಟರ್ ತೊಳೆಯಲು ಡಿಸ್ಟಿಲ್ಡ್ ವಾಟರ್ ಬೇರೆ ಐದು ಲೀಟರ್ ತನ್ನಿ. ಉಗುರುಬೆಚ್ಚಗೆ ಮಾಡಿ ಅರ್ಧ ತುಂಬಿಸಿ, ಚೆನ್ನಾಗಿ ಕುಲುಕಿ, ಬಿಳಿ ಬಟ್ಟಲಿಗೆ ಸುರಿಯಿರಿ. ಹೊಸದರಲ್ಲೂ ಕಪ್ಪು ಕಣ ಬರುತ್ತದೆ. ಬಟ್ಟಲು ಬಿಳಿಯಾಗಿ ಕಾಣುವವರೆಗೂ ಮಾಡಿ.

ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) 850 ವ್ಯಾಟ್, ಗೋಲ್ಡ್ ದರ್ಜೆಯದು ಸಾಕು. ಅದರ ಜೊತೆ 24 ಪಿನ್ ಜಂಪರ್ ಒಂದನ್ನು ಮರೆಯದೆ ತನ್ನಿ, ಸಣ್ಣ ಪ್ಲಗ್ ಅಷ್ಟೇ. ಅದನ್ನು 24 ಪಿನ್ ಕೇಬಲ್ಲಿಗೆ ಚುಚ್ಚಿ, ಕಾರ್ಡು, ಪ್ರೊಸೆಸರಿನ ಕೇಬಲ್ ಹಾಕದೆ ಬಿಟ್ಟರೆ ಮದರ್‌ಬೋರ್ಡಿಗೂ ಕಾರ್ಡಿಗೂ ಕರೆಂಟ್ ಕೊಡದೆ ಪಂಪ್ ಒಂದನ್ನೇ ಓಡಿಸಬಹುದು. ಲೂಪಿಗೆ ಕೂಲಂಟ್ ತುಂಬುವಾಗ ತೊಟ್ಟಿಯಲ್ಲಿ ಅದು ಇಳಿದ ಕೂಡಲೇ ಪಂಪ್ ನಿಲ್ಲಿಸಿ ತುಂಬಿಸಿ, ಡಿ5 ಒಣಗಿ ಓಡಿದರೆ ಹಾಳಾಗುತ್ತದೆ. ಪ್ರತಿ ಫಿಟಿಂಗಿನ ಕೆಳಗೆ ಟಿಶ್ಯೂ ಪೇಪರ್ ಸುತ್ತಿ ಇಡೀ ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ನೋಡಿ, ಎಲ್ಲ ಒಣಗಿದ್ದರೆ ಜಂಪರ್ ತೆಗೆದು ಕಾರ್ಡಿನ, ಪ್ರೊಸೆಸರಿನ, ಮದರ್‌ಬೋರ್ಡಿನ ಕೇಬಲ್ ಹಾಕಿ.