ಗಲ್ಲಾಪೆಟ್ಟಿಗೆಗೆ ಬೀಗ ಇದೆ, ಕಂಪ್ಯೂಟರಿಗೆ?

ದಾವಣಗೆರೆಯಲ್ಲಿ ನನ್ನದು ಪೈಪು, ನಲ್ಲಿ ಮಾರುವ ಅಂಗಡಿ. ಹೋದ ವರ್ಷ ‘ಕೊಟೇಶನ್’ ಎಂದು ಬಂದ ಇಮೇಲಿನ ಫೈಲನ್ನು ತೆರೆದವನು ನಾನೇ. ಬಿಲ್ಲಿನ ಫೈಲುಗಳೆಲ್ಲ ಲಾಕ್ ಆದವು, ಪರದೆಯ ಮೇಲೆ ಹಣ ಕೇಳುವ ಒಕ್ಕಣೆ. ಪೆನ್‌ಡ್ರೈವಿನಲ್ಲಿ ಬ್ಯಾಕಪ್, ಅಂದರೆ ಫೈಲುಗಳ ನಕಲು, ಇತ್ತು. ಆದರೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿದ್ದೆ, ಅದೂ ಲಾಕ್ ಆಗಿ ಹೋಯಿತು. ಆರು ತಿಂಗಳ ಉದ್ರಿ ಲೆಕ್ಕವನ್ನು ಗಿರಾಕಿಗಳನ್ನೇ ಕೇಳಿ ಬರೆದುಕೊಂಡೆ. ಅವರ ನೆನಪಿನ ಶಕ್ತಿ ಎಂಥದ್ದೆಂದು ಆಗ ತಿಳಿಯಿತು!

ಈಗ ಎರಡು ಹಾರ್ಡ್‌ಡಿಸ್ಕ್ ಇಟ್ಟಿದ್ದೇನೆ. ರಾತ್ರಿ ಬ್ಯಾಕಪ್ ಮುಗಿದ ಕೂಡಲೇ ವೈರು ಕಿತ್ತು ಮನೆಗೆ ಒಯ್ಯುತ್ತೇನೆ. ಮರುದಿನ ಇನ್ನೊಂದರ ಸರದಿ. ನೀವೂ ಹೀಗೇ ಮಾಡಿ, ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಹಳೆಯ ಬಿಲ್ಲೊಂದನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಬಿಲ್ಲು ಹಾಕುವ ಹುಡುಗನಿಗೆ ಅಡ್ಮಿನ್ (ಕಂಪ್ಯೂಟರಿನ ಪೂರ್ಣ ಅಧಿಕಾರ ಇರುವ) ಅಲ್ಲದ ಬೇರೆ ಲಾಗಿನ್ ಕೊಡಿ. ವಿಂಡೋಸ್ ಅಪ್‌ಡೇಟ್ ಮುಂದೂಡಬೇಡಿ. ಇಮೇಲಿಗೂ ವಾಟ್ಸ್‌ಆ್ಯಪ್‌ಗೂ ಎರಡು ಹಂತದ ಪರಿಶೀಲನೆ, ಅಂದರೆ ಒಳಹೋಗಲು ಒಂದಲ್ಲ ಎರಡು ಗುರುತು ಕೇಳುವ ವ್ಯವಸ್ಥೆ, ಇರಲಿ.

ಮಾಲು ಕಳಿಸುವವರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಸಂದೇಶ ಬಂದರೆ, ಅದರಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಡೈರಿಯಲ್ಲಿರುವ ನಂಬರಿಗೆ ಕರೆ ಮಾಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕೇಳಿದವನು ಮೋಸಗಾರನೇ. ಹಣ ಹೋಗಿಬಿಟ್ಟರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ನಂಬರನ್ನು ನಾನು ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿದ್ದೇನೆ.